ಕೆಂಪಿಯ ಹಾಲು ಒಳಲೆಗೆ ಬೇಡ

ಕಟ್ಟೆಮಳಲವಾಡಿ
28-6-2024, ಶುಕ್ರವಾರ

ಮಗಳೇ ಮಧುಶ್ರೀ,

ನಿನ್ನ ಅಜ್ಜಿ ವಿಮಲಮ್ಮನ ಕಾಗದ ಇದು. ಆಶೀರ್ವಾದ ಇದ್ದೇ ಇದೆ, ಮೊದಲು ಬೈಗುಳ ಕೇಳಿಸಿಕೋ. ಫೋನು ಮಾಡಬಹುದಿತ್ತು. ಆದರೆ ನೀನು ಅತ್ತೆ ಮನೆಯ ಹಜಾರದಲ್ಲಿ ಮಗುವನ್ನು ಕಾಲ ಮೇಲೆ ಹಾಕಿಕೊಂಡು, ಫೋನನ್ನು ಸ್ಪೀಕರಿಗೆ ಇಟ್ಟು ಮಾತಾಡುತ್ತೀಯ. ನಾನು ಇಲ್ಲಿ ಕೆಮ್ಮಿದರೆ ಸರಗೂರಿನ ಅರ್ಧ ಬೀದಿಗೆ ಕೇಳುತ್ತದೆ. ಅದಕ್ಕೇ ಬರೆದು, ತಂಗಿಯ ಮನೆಗೆಂದು ಸರಗೂರಿಗೆ ಹೊರಟ ಪುಟ್ಟಸ್ವಾಮಿಯ ಕೈಗೆ ಕೊಡುತ್ತಿದ್ದೇನೆ. ನಾಲ್ಕನೇ ಕ್ಲಾಸು ಓದಿದವಳ ಅಕ್ಷರ, ವಕ್ರವಾಗಿದ್ದರೆ ತಲೆ ವಾರೆ ಮಾಡಿಕೊಂಡು ಓದು.

ಸೋಮವಾರ ನಿನ್ನ ಅಪ್ಪ ಕೆಂಪಿಯನ್ನು ಟೆಂಪೋದಲ್ಲಿ ತಂದು ನಿನ್ನ ಕೊಟ್ಟಿಗೆಯಲ್ಲಿ ಕಟ್ಟುತ್ತಾನೆ. ಅವಳ ಹಾಲನ್ನು ನಿನ್ನ ಮಗಳಿಗೆ ಕುಡಿಸುವ ಒಳಲೆಗೆ ಒಂದು ತೊಟ್ಟೂ ಹಾಕಬೇಡ. ನೀನೂ ಕುಡಿಯಬೇಡ. ಇಷ್ಟು ಹೇಳಿದರೆ ಸುಮ್ಮನೆ ಕೇಳುವ ಜಾತಿಯಲ್ಲ ನೀನು, ಯಾಕೆ ಎನ್ನುತ್ತೀಯ. ಹೇಳುತ್ತೇನೆ.

ನಮ್ಮ ಮನೆಯ ಹೆಣ್ಣುಮಗಳು ಬಾಣಂತನ ಮುಗಿಸಿ ಗಂಡನ ಮನೆಗೆ ಹೋದರೆ, ಹಿಂದೆಯೇ ಕರು ಸಮೇತ ಹಸುವೊಂದು ಹೋಗಬೇಕು. ನನ್ನ ಅತ್ತೆಯ ಕಾಲದಿಂದ ನಡೆದುಬಂದದ್ದು. ನಿನಗೆ ಎದೆಹಾಲು ಸಾಲುತ್ತಿಲ್ಲ ಎಂದು ತಿಳಿದಾಗ ನಾನೇ ಕೆಂಪಿಯನ್ನು ಗೊತ್ತು ಮಾಡಿದೆ. ಆಗ ಬಂದನಲ್ಲ ನಿನ್ನ ಗಂಡ ಶರತ್, ಹಸು ನೋಡಲು! ಬಿಳಿ ಪ್ಯಾಂಟು ಹಾಕಿಕೊಂಡು ಕೊಟ್ಟಿಗೆಯ ಹೊರಗೇ ನಿಂತು, "ಮಾವ, ಕಿವಿ ತುಂಬಾ ಉಣುಗು ಐತಲ್ಲ? ಇಂಥ ಹಸ ತಂದ್ರೆ ನಮ್ಮಮ್ಮ ಒಳಕ್ಕೇ ಬುಡಾಕಿಲ್ಲ" ಎಂದ. ನೀನಾದರೂ ಬಾಯಿ ಮುಚ್ಚಿಸಬಹುದಿತ್ತು. ಫೋನಿನಲ್ಲಿ ನೀನೂ ಅದನ್ನೇ ಹಾಡಿದೆ: "ಅಪ್ಪಾಜಿ, ಕ್ಲೀನಾಗಿ ಕಳ್ಸಿ." ಹಸು ಏನು ಮದುವೆ ಛತ್ರವೇ, ಕ್ಲೀನಾಗಿ ಇರಲು?

ಉಣುಗು ಎಂದರೆ ರಕ್ತ ಹೀರುವ ಹುಳ, ಎಲ್ಲ ಹಸುವಿಗೂ ಹತ್ತುತ್ತದೆ. ನಾನು ಬಿಸಿಲಿನಲ್ಲಿ ಕೂತು, ಬೇವಿನೆಣ್ಣೆ ಸವರಿ, ಒಂದೊಂದನ್ನೇ ಕಿತ್ತು ಕೆಂಡದ ಬಟ್ಟಲಿಗೆ ಹಾಕುತ್ತಿದ್ದೆ. ಅದು ನಿಧಾನದ ಕೆಲಸ. ನಿನ್ನ ಅಪ್ಪ ಮಹೇಂದ್ರನಿಗೆ ನಿಧಾನ ಎಲ್ಲಿದೆ? ಆಷಾಢ ಬರುವುದರೊಳಗೆ ಹಸು ಹೊರಡಬೇಕು. "ಅವ್ವ, ನಿನ್ ಸ್ಪೀಡ್ಗೆ ದೀಪಾವಳಿ ಬತ್ತದೆ, ನೀ ಬುಡು" ಎಂದ. ಬುಧವಾರ ಮಧ್ಯಾಹ್ನ ನಾನು ಒಂದು ಗಳಿಗೆ ಮಲಗಿ ಏಳುವಷ್ಟರಲ್ಲಿ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಮೂಲೆಯಲ್ಲಿಟ್ಟಿದ್ದ, ಸಸಿಗೆ ಹೊಡೆಯುವ ಔಷಧಿಯನ್ನು ಬಕೆಟ್ಟಿನಲ್ಲಿ ಕಲಸಿ, ತೆಂಗಿನ ನಾರಿನಲ್ಲಿ ಅದ್ದಿ, ಕೊಂಬಿನಿಂದ ಕೆಚ್ಚಲಿನವರೆಗೆ ಉಜ್ಜಿಬಿಟ್ಟಿದ್ದ. ಹುಳ ಸಾಯಿಸುವುದು ಎಲ್ಲ ಹುಳವನ್ನೂ ಸಾಯಿಸಬೇಕಲ್ಲ, ಅದು ಅವನ ಲೆಕ್ಕ.

ಉಣುಗು ಉದುರಿತು, ಇಲ್ಲವೆನ್ನುವುದಿಲ್ಲ. ರಾಗಿ ಚೆಲ್ಲಿದ ಹಾಗೆ ಉದುರಿತು. ನನ್ನ ಕೋಳಿಗಳು ಓಡಿಬಂದು ಹೆಕ್ಕಿದವು. ಸ್ವಲ್ಪ ಹೊತ್ತಿಗೆ ತಿಪ್ಪೆಯ ಹತ್ತಿರ ಒಂದು ಕತ್ತು ತಿರುಚಿಕೊಂಡು ಬಿತ್ತು, ಅದರ ಹಿಂದೆ ಮಿಕ್ಕವೂ. ಕೋಳಿ ನೋಡುತ್ತ ನಿಂತವಳು ಹಿಂತಿರುಗಿದರೆ ಕೆಂಪಿಯ ಬಾಯಲ್ಲಿ ಜೊಲ್ಲು, ಹಗ್ಗದ ಹಾಗೆ ನೆಲ ಮುಟ್ಟುತ್ತಿದೆ. ಕಣ್ಣಲ್ಲಿ ನೀರು. ತೊಡೆಯ ಮಾಂಸ ಚರ್ಮದ ಒಳಗೆ ಇರುವೆ ಹರಿದಂತೆ ಪಟಪಟ ಅದುರುತ್ತಿದೆ. ನಿಂತಲ್ಲೇ ನೀರುನೀರಾಗಿ ಸಗಣಿ. ನಿನ್ನ ಅಪ್ಪ ಬಕೆಟ್ಟು ಹಿಡಿದು ಮರದ ಬೊಂಬೆಯ ಹಾಗೆ ನಿಂತಿದ್ದ. ಬಕೆಟ್ಟು ಕಿತ್ತುಕೊಂಡು ಅವನ ಬೆನ್ನಿಗೇ ಒಂದು ಬಾರಿಸಿದೆ. ಆಮೇಲೆ ಡಾಕ್ಟರಿಗೆ ಫೋನು ಮಾಡಿದ.

ಹುಣಸೂರಿನಿಂದ ದನದ ಡಾಕ್ಟರು ರೂಪಶ್ರೀ ಬಂದರು. ಸೊಂಟಕ್ಕೆ ಸೆರಗು ಕಟ್ಟಿದ ಹೆಂಗಸಲ್ಲ, ಪ್ಯಾಂಟು ಹಾಕಿದ ಚಿಕ್ಕ ಹುಡುಗಿ, ಬಾಯಿ ಮಾತ್ರ ನನಗಿಂತ ಜೋರು. ಕೆಂಪಿಯ ಕಣ್ಣಿಗೆ ಟಾರ್ಚು ಬಿಟ್ಟರೆ ಪಾಪೆ ಗೀಟಿನಷ್ಟು ಕಿರಿದಾಗಿತ್ತು. ಮೊದಲು ಸೋಪು ಹಾಕಿ ಮೈಯೆಲ್ಲ ತೊಳೆಸಿದರು, ಇಂಜೆಕ್ಷನ್ನಿನ ಮೇಲೆ ಇಂಜೆಕ್ಷನ್ ಕೊಟ್ಟರು. ನಾನು ಸುಮ್ಮನಿರದೆ, ನಮ್ಮ ಕಾಲದಲ್ಲಿ ಹೊಗೆಸೊಪ್ಪಿನ ಕಡ್ಡಿ ಬೇಯಿಸಿದ ನೀರು ಸವರುತ್ತಿದ್ದೆವು, ಏನೂ ಆಗುತ್ತಿರಲಿಲ್ಲ ಎಂದೆ. "ಅಜ್ಜಿ, ಅದೂ ವಿಷಾನೇ. ಏನೂ ಆಗ್ಲಿಲ್ಲ ಅನ್ನೋದು ನಿಮ್ ಪುಣ್ಯ, ಸುಮ್ನಿರಿ" ಎಂದು ನನ್ನ ಬಾಯಿಯನ್ನೂ ಮುಚ್ಚಿಸಿದರು ನೋಡು!

ಮೇಲೆ ಬಳಿದದ್ದು ಒಳಗೆ ಹೇಗೆ ಹೋಯಿತು ತಾಯಿ ಎಂದು ಕೇಳಿದೆ. ಚರ್ಮ ಗೋಡೆಯಲ್ಲವಂತೆ, ಕುಡಿಯುತ್ತದಂತೆ. ಅಲ್ಲಿಂದ ರಕ್ತಕ್ಕೆ, ರಕ್ತದಿಂದ ನರಕ್ಕೆ. ನರವು ಮಾಂಸಕ್ಕೆ "ಎಳಿ" ಎಂದು ಹೇಳಿ ಕಳಿಸುತ್ತದಂತೆ, ಎಳೆದ ಮೇಲೆ ಆ ಮಾತನ್ನು ಅಳಿಸಿ "ಸಾಕು" ಅನ್ನಿಸುವ ಒಂದು ಪದಾರ್ಥ ಮೈಯಲ್ಲೇ ಇರುತ್ತದಂತೆ. ಈ ವಿಷ ಅದರ ಕೈಕಾಲು ಕಟ್ಟಿಹಾಕುತ್ತದೆ. ಎಳಿ ಎನ್ನುವವರುಂಟು, ಸಾಕು ಎನ್ನುವವರಿಲ್ಲ. ಜೊಲ್ಲು ನಿಲ್ಲುವುದಿಲ್ಲ, ಕರುಳು ನಿಲ್ಲುವುದಿಲ್ಲ, ಕೊನೆಗೆ ಉಸಿರೆಳೆಯುವ ಮಾಂಸ ಸೋತು ಅದೊಂದು ನಿಲ್ಲುತ್ತದೆ. "ನಮ್ಮನೇಲೂ ಅದೇ ಕಾಯ್ಲೆ ಕಣವ್ವ, ಸಾಕು ಅನ್ನೋರೇ ಇಲ್ಲ" ಎಂದೆ. ಆ ಹುಡುಗಿ ನಗಲಿಲ್ಲ. ವಿಷ ಹಾಲಿಗೂ ಇಳಿದಿರಬಹುದು, ತಾನೇ ಮತ್ತೆ ನೋಡಿ ಹೇಳುವವರೆಗೆ ಹಾಲು ಯಾರೂ ಕುಡಿಯುವಂತಿಲ್ಲ, ಡೈರಿಗೂ ಹಾಕುವಂತಿಲ್ಲ, ಕರೆದು ಗುಂಡಿಗೆ ಚೆಲ್ಲಿ ಎಂದರು.

ಕೆಂಪಿ ಈಗ ಎದ್ದಿದ್ದಾಳೆ, ಹುಲ್ಲು ತಿನ್ನುತ್ತಾಳೆ. ಅಷ್ಟು ಸಾಕಾಯಿತು ನಿನ್ನ ಅಪ್ಪನಿಗೆ. "ಬೀಗರಿಗೆ ಮಾತು ಕೊಟ್ಟಿವ್ನಿ. ವಿಷ ಬಳುದ್ವಿ ಅಂದ್ರೆ ಮುಖಕ್ಕೆ ಉಗೀತಾರೆ. ಮೈ ತೊಳ್ದಾಯ್ತು, ಎಲ್ಲಾ ಸರಿ ಆಯ್ತದೆ, ಸೋಮವಾರ ಹೊರಡ್ಸದೇ" ಎನ್ನುತ್ತಾನೆ. ಡಾಕ್ಟರ ಮಾತು ಎಂದರೆ, "ಅವ್ರು ಹಂಗೇ ಹೆದರಿಸ್ತಾರೆ" ಅಂತೆ. ನಿನ್ನ ಅಮ್ಮ ಒಲೆಯ ಮುಂದೆ ಕಣ್ಣೊರೆಸುತ್ತಾಳೆಯೇ ಹೊರತು ಬಾಯಿ ಬಿಡುವುದಿಲ್ಲ. ಗಂಡನ ಮಾನ ಅಂತೆ. ಮೊಮ್ಮಗಳ ಹೊಟ್ಟೆಗಿಂತ ದೊಡ್ಡದೇ ಅದು? ನಾನು ಹಗ್ಗ ಹಿಡಿದು ಅಡ್ಡ ನಿಂತರೂ ನನ್ನನ್ನು ಎತ್ತಿ ಪಕ್ಕಕ್ಕೆ ಇಡಲು ಅವನಿಗೆ ಶಕ್ತಿಯಿದೆ.

ಆದ್ದರಿಂದ ಏನಾದರೊಂದು ನೆಪ ಹೇಳು. ಮಗುವಿಗೆ ಭೇದಿ ಅನ್ನು, ಹಸುವಿನ ಹಾಲು ಒಗ್ಗುತ್ತಿಲ್ಲ ಅನ್ನು. ಮಗುವಿನ ಡಾಕ್ಟರನ್ನು ಕೇಳಿ ಅವರು ಹೇಳಿದ್ದನ್ನೇ ಕೊಡು. ಅಲ್ಲಿನ ದನದ ಡಾಕ್ಟರಿಗೂ ಹಸುವನ್ನು ತೋರಿಸು. ಅವರು ಸರಿ ಎನ್ನುವವರೆಗೆ ಕರೆದ ಹಾಲನ್ನು ಹಿತ್ತಲಿನ ಗುಂಡಿಗೆ ಚೆಲ್ಲು. ನನ್ನ ಮಗನ ಮರ್ಯಾದೆಯೂ ಉಳಿಯಲಿ, ನಿನ್ನ ಮಗಳೂ ಉಳಿಯಲಿ.

ಸಿಟ್ಟಿನಲ್ಲೂ ನಿನ್ನವಳೇ ಆದ ಅಜ್ಜಿ,
ವಿಮಲಮ್ಮ

ಮರೆತದ್ದಲ್ಲ, ಮರೆಮಾಡಿದ್ದು: ಎಳೆ ಮಗುವಿನ ತಾಯಿಗೆ ಬರೆಯಬಾರದು ಎಂದು ಮೇಲೆ ಬರೆಯಲಿಲ್ಲ. ಕವರು ಅಂಟಿಸುವ ಮುಂಚೆ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಸೋಮವಾರ ಬರುವ ಕರು ಕೆಂಪಿಯದಲ್ಲ, ಪಕ್ಕದೂರಿನಿಂದ ನಿನ್ನ ಅಪ್ಪ ತಂದದ್ದು. ಕೆಂಪಿಯ ಕರು ಬುಧವಾರ ತಾಯಿಯ ಮೈ ನೆಕ್ಕಿ, ಔಷಧಿ ಬಳಿದ ಕೆಚ್ಚಲಿಗೇ ಬಾಯಿ ಹಾಕಿತ್ತು. ಡಾಕ್ಟರು ಬರುವಷ್ಟರಲ್ಲಿ ಮುಗಿದಿತ್ತು. ಅವರು ಕೊಯ್ದು ತೋರಿಸಿದರು, ಶ್ವಾಸಕೋಶದ ತುಂಬ ನೊರೆ. ನಾನೇ ಕಣ್ಣಾರೆ ಕಂಡೆ. ತಂದ ಕರುವನ್ನು ಕೆಂಪಿ ಹತ್ತಿರ ಬಿಡುತ್ತಿಲ್ಲ, ಒದೆಯುತ್ತಾಳೆ. ಅಲ್ಲಿಗೆ ಬಂದ ಮೇಲೆ ನಿನ್ನ ಅತ್ತೆ ಇದು ಒದೆಯುವ ಹಸು ಎನ್ನುತ್ತಾಳೆ. ನೆಪ ಹೇಳು ಎಂದು ಬರೆದೆನಲ್ಲ, ಅದನ್ನು ಹೊಡೆದುಹಾಕು. ಒಂದು ದಿನ ನೀನು ಸ್ನಾನಕ್ಕೆ ಹೋದಾಗ ಆ ಹೆಂಗಸು ಮಗು ಅಳುತ್ತದೆಂದು ಒಳಲೆ ತುಂಬಿಸಿಬಿಟ್ಟರೆ? ಕಾಗದ ಕೈಗೆ ಬಂದ ಕೂಡಲೇ ಹಜಾರದಲ್ಲಿ ಕೂತು, ಗಂಡನನ್ನೂ ಅತ್ತೆಯನ್ನೂ ಕೂರಿಸಿ, ಮೊದಲಿನಿಂದ ಗಟ್ಟಿಯಾಗಿ ಓದು. ಬಿಳಿ ಪ್ಯಾಂಟಿನ ಸಾಲನ್ನೂ ಬಿಡಬೇಡ.