ಗೆಳೆತನದ ಬೆಂಚು

ಅಕ್ಟೋಬರ್ 17, ಗುರುವಾರ. ಡುಲೂತ್, ಅಮೆರಿಕ.

ನಿದ್ದೆ ಹತ್ತುತ್ತಿಲ್ಲ. ಆ ಹಾಳು ಸ್ಟಿಕ್ಕರ್‌ಗಳದೇ ಯೋಚನೆ. ನಮ್ಮ ಶಾಲೆಯ ಆಟದ ಬಯಲಿನ ಬೆಂಚಿನ ಮೇಲೆ ಒಂಟಿಯಾಗಿ ಕೂತ ಮಗುವನ್ನು ಆಟಕ್ಕೆ ಕರೆದವರಿಗೆ ಒಂದು ನಕ್ಷತ್ರದ ಸ್ಟಿಕ್ಕರ್. "ಬರೀ ಲೆಕ್ಕ ಕಲಿತ್ರೆ ಸಾಲದು, ಮನಸ್ಸೂ ಬೆಳೀಬೇಕು ಕಣ್ರೀ" ಎಂದು ಪ್ರಿನ್ಸಿಪಾಲರು ಮಾಡಿದ ಏರ್ಪಾಡು.

ಇವತ್ತೂ ನನ್ನ ಎರಡನೇ ಕ್ಲಾಸಿನ ಸಿಗ್ರಿಡ್ ಅಲ್ಲಿ ಕೂತಿದ್ದಳು. ಮಕ್ಕಳು ಒಬ್ಬೊಬ್ಬರಾಗಿ ಬಂದು, ಕೈಹಿಡಿದು ಎಬ್ಬಿಸಿ, ನನ್ನಿಂದ ಸ್ಟಿಕ್ಕರ್ ಇಸಿದುಕೊಂಡು, ಅವಳನ್ನು ಬಿಟ್ಟು ಓಡಿದರು. ಅವಳು ಪ್ರತಿ ಸಲವೂ ಬೆಂಚಿಗೇ ಮರಳಿದಳು.

"ಯಾಕೆ ಪುಟ್ಟಾ, ಮತ್ತೆ ಇಲ್ಲೇ ಕೂತೆ?"

"ಲಾರ್ಸ್‌ಗೆ ಇನ್ನೂ ಸ್ಟಿಕ್ಕರ್ ಸಿಕ್ಕಿಲ್ಲ ಮಿಸ್. ಅವನೂ ಬಂದು ಕರೀಬೇಕಲ್ವಾ?"

ಎಷ್ಟು ಖುಷಿಯಾಗಿ ಹೇಳಿದಳು!

ನಾಳೆಯೇ ಸ್ಟಿಕ್ಕರ್ ನಿಲ್ಲಿಸಬೇಕು. ನಿಲ್ಲಿಸುತ್ತೇನೆ. ಆದರೆ ಆಮೇಲೆ ಅವಳ ಕೈ ಹಿಡಿಯುವುದಕ್ಕೆ ಯಾರು...