ಸಿಂಗರಿಸಿದ ಕಾಡುಹೂ

ಕಿಲ್ಕೆನ್ನಿ, ಐರ್ಲೆಂಡ್
೨ ಮೇ ೨೦೨೧

ಚಿ. ಸೌ. ತನುಶ್ರೀಗೆ ತಂದೆಯ ಆಶೀರ್ವಾದಗಳು.

ನಿನ್ನ ಲಕೋಟೆ ಕೈಸೇರಿ ಎರಡು ವಾರವಾದರೂ ಉತ್ತರಿಸದ ವಿಳಂಬವನ್ನು ಮನ್ನಿಸತಕ್ಕದ್ದು. ತಾಲ್ಲೂಕು ಕಚೇರಿಯಲ್ಲಿ ಜೀವಮಾನವಿಡೀ ಪರರ ಅರ್ಜಿಗಳನ್ನು ನಕಲು ಮಾಡಿದ ಈ ಕೈಗೆ ಸ್ವಂತ ಮಾತು ಬೇಗ ಬರುವುದಿಲ್ಲವೆಂಬುದು ನಿನಗೆ ತಿಳಿದ ವಿಷಯವೇ. ಲಾಕ್‌ಡೌನಿಗೆ ಸಿಲುಕಿ ನಿನ್ನ ಅಣ್ಣ ಶ್ರೀಹರ್ಷನ ಮನೆಯಲ್ಲಿ ಎರಡನೆಯ ವಸಂತವನ್ನು ಕಾಣುತ್ತಿದ್ದೇನೆ. ಊರಿಗೆ ಮರಳುವ ಮಾತೇ ಇಲ್ಲ. ಅಲ್ಲಿ ಸೋಂಕು ಹೆಚ್ಚಿದೆಯಂತೆ. ನೀನೂ ಮಗುವೂ ಹೊರಗೆ ಕಾಲಿಡಬೇಡಿ.

ಇಲ್ಲಿನ ಬಡಾವಣೆಯವರು ವಾಟ್ಸಾಪಿನಲ್ಲಿ ಒಂದು ಸ್ಪರ್ಧೆ ಏರ್ಪಡಿಸಿದ್ದರು. ಕಾಡುಹೂವನ್ನು ಕೀಳದೆ, ಮುಟ್ಟದೆ, ಇದ್ದ ಸ್ಥಿತಿಯಲ್ಲೇ ಫೋಟೋ ತೆಗೆಯತಕ್ಕದ್ದು. ಸದರಿ ಷರತ್ತು ನನಗೆ ಬಹಳ ಒಪ್ಪಿಗೆಯಾಗಿ ಶ್ರೀಹರ್ಷನೊಡನೆ ಊರಾಚೆಯ ಕಾಡಿಗೆ ಹೋದೆ. ಮರಗಳ ಬುಡದಲ್ಲಿ ನೆಲವೇ ಕಾಣದಂತೆ ಬ್ಲೂಬೆಲ್ ಹೂಗಳು ನೀಲಿಯಾಗಿ ತಲೆತಗ್ಗಿಸಿ ನಿಂತಿದ್ದವು.

ಅಲ್ಲಿ ನಿನ್ನ ಅಣ್ಣ ಮಾಡಿದ್ದನ್ನು ಬರೆಯಲೂ ಹೇಸಿಗೆಯಾಗುತ್ತದೆ. ಒಂದು ಹೂವನ್ನು ಆರಿಸಿ ಸುತ್ತಲಿನ ಒಣಹುಲ್ಲು ಕಿತ್ತ. ಹುಳ ತಿಂದಿದ್ದ ಎಸಳನ್ನು ಉಗುರಿನಿಂದ ಚಿವುಟಿದ. ಕೊನೆಗೆ ಕನ್ನಡಿ ಒರೆಸುವ ಸ್ಪ್ರೇ ಬಾಟಲಿಯನ್ನು ಜೇಬಿನಿಂದ ತೆಗೆದು, ಇಬ್ಬನಿಯನ್ನೂ ತಾನೇ ಸುರಿಸಿದ.

“ಹೂವನ್ನ ನೋಡೋಕೆ ಗಂಡಿನ ಕಡೆಯವರು ಬರ್ತಿದಾರೇನಪ್ಪ?” ಎಂದೆ.

“ಎಲ್ರೂ ಹೀಗೇ ಮಾಡೋದು ಅಪ್ಪ. ನೋಡಿ, ಗ್ರ್ಯಾಂಡಾಗಿ ಬಂದಿದೆ.”

“ಇದು ಆ ಹೂವಲ್ಲ.”

“ಹುಳ ತಿಂದಿದ್ದು ಯಾರಿಗೆ ಬೇಕು? ಇದಕ್ಕೂ ಒಂದು ಅರ್ಜಿ ಹಾಕ್ಬಿಡಿ.”

ಮೊದಲ ಬಹುಮಾನ ಅವನಿಗೇ ಬಂತು. ನೆರೆಯವರು ಬೇಲಿಯಾಚೆ ನಿಂತು ಚಪ್ಪಾಳೆ ತಟ್ಟಿದರು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಊಟಕ್ಕೆ ಕರೆಯಲು ಬಂದವನು, “ಒಂದು ಎಸಳಿಗೆ ಇಷ್ಟೊಂದು ಕೋಪಾನಾ? ನಿಜ ಹೇಳಿ ಅಪ್ಪ, ಏನಾಯ್ತು?” ಎಂದ. ನಿನ್ನ ಲಕೋಟೆಯನ್ನು ದಿಂಬಿನಡಿಗೆ ಸರಿಸಿ ಊಟಕ್ಕೆ ಎದ್ದೆ.

ಮರುದಿನ ಒಬ್ಬನೇ ಹೋಗಿ, ಹುಳ ತಿಂದ ಇನ್ನೊಂದು ಹೂವಿನ ಫೋಟೋ ತೆಗೆದೆ. ಅದರ ಪ್ರತಿಯನ್ನು ಇದರೊಡನೆ ಲಗತ್ತಿಸಿದೆ. ನಿನಗೂ ಮಗುವಿಗೂ ಶಿವನು ಆಯುಸ್ಸು, ಆರೋಗ್ಯ ಕೊಡಲಿ.

ನಿನ್ನ ತಂದೆ,
ಶಿವರುದ್ರಪ್ಪ

ಸಹಿ ಮಾಡಿದ ಮೇಲೆ ಸೇರಿಸಿದ್ದು: ನಿನ್ನ ಲಕೋಟೆಯಲ್ಲಿದ್ದ ನಿಮ್ಮಮ್ಮನ ಫೋಟೋ ವಿಷಯ. ಕಳೆದ ವರ್ಷ ಸೋಂಕು ತಗುಲಿ ತೀರಿಕೊಂಡ ಅವಳನ್ನು ಊರಲ್ಲಿ ಮಣ್ಣು ಮಾಡುವಾಗ ನಾನಿಲ್ಲಿ ಮೊಬೈಲ್ ಹಿಡಿದು ಕುಳಿತಿದ್ದೆ. ಕಂಡದ್ದು ಕಟ್ಟಿದ ಚೀಲ ಮಾತ್ರ, ಮುಖ ಕಾಣಲಿಲ್ಲ. ಆದಕಾರಣವೇ ಒಂದು ಫೋಟೋ ಕೇಳಿದ್ದೆ. ನೀನು ಪ್ರೀತಿಯಿಂದಲೇ ಸ್ಟುಡಿಯೊಗೆ ಕೊಟ್ಟಿರುವೆ. ಅವರು ಅವಳನ್ನು ಬೆಳ್ಳಗೆ ಮಾಡಿ, ಇಲ್ಲದ ಚಿನ್ನದ ಸರ ತೊಡಿಸಿ, ಕೆನ್ನೆಯ ಕಲೆಯನ್ನು ಒರೆಸಿಬಿಟ್ಟಿದ್ದಾರೆ. ಚಕ್ಕುಲಿ ಕರಿಯುವಾಗ ಎಣ್ಣೆ ಸಿಡಿದ ಕಲೆ ಅದು; ಯೋಚಿಸುವಾಗೆಲ್ಲ ಅವಳ ಬೆರಳು ಅಲ್ಲಿಗೇ ಹೋಗುತ್ತಿತ್ತು. ಅಣ್ಣನಿಗೆ ಇದನ್ನು ತೋರಿಸಿಲ್ಲ. ಈ ಅಪರಿಚಿತ ಹೆಂಗಸಿಗೆ ನಾನು ವಿಭೂತಿ ಹಚ್ಚಲಾರೆ. ಸ್ಟುಡಿಯೊಗೆ ಕೊಡುವ ಮುಂಚಿನದು ಉಳಿದಿದ್ದರೆ, ಮಸುಕಾಗಿದ್ದರೂ ಸರಿ, ಇದ್ದ ಹಾಗೆಯೇ ಕಳುಹಿಸಬೇಕಾಗಿ ಪ್ರಾರ್ಥನೆ.