ಶೆಡ್ಡಿನ ಬಟ್ಟೆ ಒಳಗೆ ತರಬೇಡಿ

ರೀ,

ಮಗಳ ರಕ್ತದ ರಿಪೋರ್ಟು ಬಂತು. ಸೀಸ ತುಂಬಾ ಇದೆಯಂತೆ. "ಮನೇಲಿ ಯಾರಾದ್ರೂ ಬ್ಯಾಟರಿ ಕೆಲಸ ಮಾಡ್ತಾರಾ?" ಅಂತ ಡಾಕ್ಟರು ಕೇಳಿದಾಗ ನಾನು ಭೂಮಿಗಿಳಿದು ಹೋದೆ. ಶೆಡ್ಡಿನಲ್ಲಿ ಹಳೇ ಬ್ಯಾಟರಿ ಒಡೆದು ಬಂದ ಅಂಗಿಯಲ್ಲೇ ಅವಳನ್ನು ಎತ್ತಿಕೊಳ್ಳಬೇಡಿ ಎಂದು ಎಷ್ಟು ಸಲ ಬಾಯಿ ಬಡಿದುಕೊಂಡೆ? "ಧೂಳು ತಾನೆ, ಕೊಡವಿದ್ರೆ ಹೋಗುತ್ತೆ" ಅಂದಿರಿ. ಹೋಗಿದೆ, ಅವಳ ಮೈಯೊಳಗೆ.

ಅವಳನ್ನು ಅಕ್ಕನ ಮನೆಗೆ ಕರೆದುಕೊಂಡು ಹೋಗುತ್ತಿದ್ದೇನೆ. ನಿಮ್ಮ ಕೆಲಸದ ಬಟ್ಟೆ, ಬೂಟು ಹಿತ್ತಲಿನ ಬಕೆಟ್ಟಿನಲ್ಲಿವೆ. ಅಲ್ಲೇ ಇರಲಿ. ನೆಲ ಗುಡಿಸಬೇಡಿ, ಧೂಳು ಏಳುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಮಂಚದ ಕೆಳಗೂ. ಅವಳು ಗೊಂಬೆ ಮಲಗಿಸುವುದು ಅಲ್ಲೇ.

ನಿಮ್ಮ ಶೆಡ್ಡಿನಲ್ಲಿ ಸೀಸ ಕರಗಿಸುವ ಹೊಗೆ ಇಡೀ ಬೀದಿಗೆ ಬರುತ್ತದೆ. ಪಕ್ಕದ ಮನೆಯ ಮಕ್ಕಳೂ ಅದನ್ನೇ ಕುಡಿಯುತ್ತಿವೆ. ಆರೋಗ್ಯ ಕಚೇರಿಗೆ ದೂರು ಕೊಟ್ಟಿದ್ದೇನೆ. ನಿಮ್ಮ ಕೆಲಸ ಹೋದರೆ ಹೋಗಲಿ, ಬಂದು ನನ್ನನ್ನೇ ಬೈಯಿರಿ.

ಅದಕ್ಕೆ ಮುಂಚೆ ನೀವೂ ಪರೀಕ್ಷೆಗೆ ರಕ್ತ ಕೊಟ್ಟು ಬನ್ನಿ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಹೆಸರು ಬರೆಸಿದ್ದೇನೆ. ಲೋಟ ಹಿಡಿಯುವಾಗ ನಿಮ್ಮ ಕೈ ನಡುಗುವುದನ್ನು ನಾನು ನೋಡಿಲ್ಲ ಅಂದುಕೊಂಡಿರಾ?